ಜಗಲಿ ಬ್ಯಾಂಕಿನ ಸಾಲದಲ್ಲಿ ಫಲೋಂಬೆಗೆ

ಸೋಮವಾರ, ಜುಲೈ 3, 2023. ಜೊಂಬಾ

ಚಿಪೆರೋನಿ ಇಳಿದಿದೆ. ಜೂನ್, ಜುಲೈ ಬಂತೆಂದರೆ ಮೊಜಾಂಬಿಕ್ ಕಡೆಯಿಂದ ಬೀಸುವ ಈ ತಣ್ಣನೆ ಗಾಳಿ ದಕ್ಷಿಣ ಮಲಾವಿಯನ್ನು ದಿನಗಟ್ಟಲೆ ಜಿಟಿಜಿಟಿ ಅಂತ ನೆನೆಸುತ್ತದೆ. ಎದುರಿಗೇ ಇರುವ ಜೊಂಬಾ ಬೆಟ್ಟ ಬೆಳಗ್ಗೆಯಿಂದ ಪತ್ತೆಯಿಲ್ಲ. ಹಗ್ಗದ ಮೇಲಿನ ಬಟ್ಟೆ ಶನಿವಾರದಿಂದ ಹಾಗೇ ಇವೆ. ನಾನು ಕಲಬುರಗಿಯವಳು. ಆಫ್ರಿಕಾಕ್ಕೆ ಹೊರಟಾಗ ಊರಲ್ಲಿ ಎಲ್ಲರೂ "ಅಲ್ಲಿ ಬಿಸಿಲು ಜಾಸ್ತಿ, ಹುಷಾರು" ಅಂದಿದ್ದರು. ಕಲಬುರಗಿಯವರು ಈ ಮಾತು ಹೇಳುವುದೇ ತಮಾಷೆ, ಅಲ್ವಾ? ಈಗ ಒಂದರ ಮೇಲೊಂದು ಸ್ವೆಟರ್ ಹಾಕಿಕೊಂಡು ಕೂತಿದ್ದೇನೆ.

ಜೊಂಬಾ 1975ರವರೆಗೆ ಮಲಾವಿಯ ರಾಜಧಾನಿ. ಆಮೇಲೆ ಸರ್ಕಾರ ಲಿಲೋಂಗ್ವೆಗೆ ಹೋಯಿತು. ಹಳೆ ಬಂಗಲೆಗಳು, ಜಕರಾಂಡಾ ಮರಗಳು, ವಿಶ್ವವಿದ್ಯಾಲಯ ಇಲ್ಲೇ ಉಳಿದವು. ಊರಂಚಿನ ಒಂದು ಪ್ರಾಥಮಿಕ ಶಾಲೆಯಲ್ಲಿ ನಾನು ಸ್ವಯಂಸೇವಕಿ. ಚಿಕ್ಕ ಮಕ್ಕಳಿಗೆ ಗಣಿತ ಹೇಳಿಕೊಡುವ ಟೀಚರ್‌ಗಳ ಜೊತೆ ಕೆಲಸ. 1994ರಲ್ಲಿ ಪ್ರಾಥಮಿಕ ಶಿಕ್ಷಣ ಉಚಿತ ಅಂತಾದಾಗ ದೇಶದಲ್ಲಿ ಶಾಲೆಗೆ ಬರುವ ಮಕ್ಕಳು ಸುಮಾರು 19 ಲಕ್ಷದಿಂದ ಮೂವತ್ತು ಲಕ್ಷದ ಹತ್ತಿರಕ್ಕೆ ಏರಿದ್ದರಂತೆ. ಮಕ್ಕಳು ಬಂದಷ್ಟು ಬೇಗ ಕೋಣೆಗಳು ಬರಲಿಲ್ಲ. ನಮ್ಮ ಒಂದನೇ ತರಗತಿ ಈಗಲೂ ಮಾವಿನ ಮರದ ಕೆಳಗೆ. ನೂರಕ್ಕೂ ಜಾಸ್ತಿ ಮಕ್ಕಳು, ಒಂದು ಕಪ್ಪು ಹಲಗೆ, ಚೀಲದ ತುಂಬ ಸೋಡಾ ಬಾಟಲಿ ಮುಚ್ಚಳ. ಕೂಡುವುದು ಕಳೆಯುವುದು ಎಲ್ಲ ಮುಚ್ಚಳದಲ್ಲೇ. ಇವತ್ತು ಹನಿ ಬಿದ್ದಿದ್ದರಿಂದ ಕ್ಲಾಸೇ ನಡೆಯಲಿಲ್ಲ.

ಪಕ್ಕದ ಮನೆಯಲ್ಲೇ ಎರಡನೇ ತರಗತಿಯ ಟೀಚರ್ ಇದ್ದಾಳೆ. ನಾನು ಅವಳನ್ನು ಅಚೆಮ್ವಾಲಿ, ಅಂದರೆ ಸಹೋದರಿ, ಅನ್ನುತ್ತೇನೆ, ಅವಳು ನನ್ನನ್ನು ಅಕ್ಕಾ ಅನ್ನುತ್ತಾಳೆ. ಗುರುವಾರ ಸ್ವಾತಂತ್ರ್ಯ ದಿನದ ರಜೆ, ಶುಕ್ರವಾರ ಒಂದು ರಜೆ ಹಾಕಿದರೆ ಫಲೋಂಬೆಯ ಅವಳ ಅಜ್ಜಿ ಮನೆಗೆ ಹೋಗಿ ಬರಬಹುದು ಅಂತ ಮೊದಲೇ ಮಾತಾಗಿತ್ತು. ಆದರೆ ನನ್ನ ತಿಂಗಳ ಭತ್ಯೆ ಬಂದಿರಲಿಲ್ಲ. "ನೀವು ಹೋಗಿ ಬನ್ನಿ, ನಾನು ಮುಂದಿನ ಸಲ ಬರ್ತೀನಿ" ಅಂದೆ.

"ಯಾಕೆ? ಬ್ಯಾಂಕ್ ಇದೆಯಲ್ಲ" ಅಂದಳು.

ಅವಳು ಹೇಳಿದ್ದು ಬಂಕಿ ನ್ಖೊಂಡೆ, ಅಂದರೆ ಜಗಲಿ ಬ್ಯಾಂಕು. ನಮ್ಮ ಸ್ತ್ರೀಶಕ್ತಿ ಸಂಘ, ಚೀಟಿ ವ್ಯವಹಾರ ಎರಡನ್ನೂ ಸೇರಿಸಿದರೆ ಹೆಚ್ಚುಕಡಿಮೆ ಇದೇ ಆಗುತ್ತದೆ. 1991ರಲ್ಲಿ ನೈಜರ್ ದೇಶದ ಹೆಂಗಸರ ನಡುವೆ ಶುರುವಾದ ಪದ್ಧತಿ, ಈಗ ಆಫ್ರಿಕಾದ ತುಂಬ ಇದೆ. ಕಬ್ಬಿಣದ ಪೆಟ್ಟಿಗೆಗೆ ಮೂರು ಬೀಗ. ಕೀಲಿಗಳು ಮೂವರು ಬೇರೆ ಬೇರೆ ಹೆಂಗಸರ ಹತ್ತಿರ. ಸದಸ್ಯರಿಗೆ ಒಂದೊಂದು ನಂಬರ್, ಆ ಕ್ರಮದಲ್ಲೇ ಕೂರಬೇಕು. ತಡವಾಗಿ ಬಂದರೆ ದಂಡ, ಫೋನ್ ಬಾರಿಸಿದರೆ ದಂಡ. ಕಟ್ಟಿದ ದುಡ್ಡನ್ನು ಎಲ್ಲರೆದುರು ಜೋರಾಗಿ ಎಣಿಸುತ್ತಾರೆ. ಸಾಲಕ್ಕೆ ನಮ್ಮ ಗುಂಪಿನಲ್ಲಿ ತಿಂಗಳಿಗೆ ನೂರಕ್ಕೆ ಹತ್ತು ಬಡ್ಡಿ. ನಮ್ಮೂರಲ್ಲಾದರೆ ಇದನ್ನು ಮೀಟರ್ ಬಡ್ಡಿ ಅಂತ ಬೈಯುತ್ತಿದ್ದೆವು. ಆದರೆ ಇಲ್ಲಿ ಬಡ್ಡಿಯೂ ಅದೇ ಪೆಟ್ಟಿಗೆಗೆ ಬಿದ್ದು ವರ್ಷದ ಕೊನೆಗೆ ಎಲ್ಲರಿಗೂ ಪಾಲಾಗುತ್ತದೆ.

ನಾನೂ ಸದಸ್ಯಳೇ. ಕಟ್ಟುತ್ತಿದ್ದೆ, ಸಾಲ ಕೇಳಿರಲಿಲ್ಲ. ಯಾಕೆಂದರೆ ಇಲ್ಲಿ ನಾನು ಮ್ವೆನ್ಯೆ, ಭಾರತದವಳು. ಮಲಾವಿಯಲ್ಲಿ ಅಮ್ವೆನ್ಯೆ ಅಂದರೆ ಅಂಗಡಿ ಮಾಲೀಕರು. ಬ್ಲಾಂಟೈರ್, ಲಿಂಬೆ ಪಟ್ಟಣಗಳಲ್ಲಿ ತಲೆಮಾರುಗಳಿಂದ ಇರುವ ಗುಜರಾತಿ ಕುಟುಂಬಗಳು. ಗಲ್ಲಾಪೆಟ್ಟಿಗೆಯ ಹಿಂದೆ ಕೂತವರನ್ನೇ ಜನ ನೋಡಿರುವುದು. ಇವತ್ತು ಸಂಜೆ ಎದ್ದು ನಿಂತು "ನಲವತ್ತು ಸಾವಿರ ಕ್ವಾಚಾ ಬೇಕು" ಅಂದಾಗ (ನಮ್ಮ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿಗೆ ಸ್ವಲ್ಪ ಜಾಸ್ತಿ) ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಟೊಮೆಟೊ ಮಾರುವ ನಾಲ್ಕನೇ ನಂಬರ್ ನಗುವುದಕ್ಕೆ ಶುರು ಮಾಡಿದಳು. ಜಗಲಿ ಪೂರ್ತಿ ನಕ್ಕಿತು. "ಮ್ವೆನ್ಯೆ ನಮ್ಮ ಹತ್ರ ಸಾಲ ಕೇಳ್ತಿದ್ದಾಳೆ, ಬರ್ಕೊಳ್ಳಿ ಬರ್ಕೊಳ್ಳಿ!"

ನಕ್ಕರೂ ವಿಚಾರಣೆ ಬಿಡಲಿಲ್ಲ. ಯಾತಕ್ಕೆ? ಯಾವಾಗ ವಾಪಸ್? ಜಾಮೀನು ಯಾರು? ಅಚೆಮ್ವಾಲಿ ಕೈ ಎತ್ತಿದಳು. ನೋಟುಗಳನ್ನು ಎರಡೆರಡು ಸಲ ಎಣಿಸಿ ಕೈಗಿಟ್ಟರು.

ಮಂಗಳವಾರ

ಶಾಲೆಯ ಹಿಂದಿನ ಮನೆಯಲ್ಲಿ ಸಾವಾಗಿತ್ತು. ಪಾಠ ಅರ್ಧಕ್ಕೆ ನಿಂತಿತು. ಇಲ್ಲಿ ಸಾವಿಗೆ ಹೋಗದೆ ಇರುವುದು ಅಂತಿಲ್ಲ. ಪರಿಚಯ ಇರಲಿ ಬಿಡಲಿ, ಹೆಂಗಸರು ಸೊಂಟಕ್ಕೆ ಚಿತೆಂಜೆ ಬಟ್ಟೆ ಸುತ್ತಿಕೊಂಡು ಹೊರಟರು, ನಾನೂ ಹೊರಟೆ. ಒಳಗೆ ಚಾಪೆ ಮೇಲೆ ಹೆಂಗಸರು, ಹೊರಗೆ ಗಂಡಸರು. ಮುಯ್ಯಿ ಬರೆದುಕೊಳ್ಳುವ ನೋಟ್‌ಬುಕ್ಕಿನಲ್ಲಿ ನನ್ನ ಹೆಸರೂ ಸೇರಿತು. ಸಾಲದ ದುಡ್ಡಿನಲ್ಲಿ ಮೊದಲ ಖರ್ಚು ಅದು.

ವಾಪಸ್ ಬರುವಾಗ ಬ್ಯಾಂಕಿನ ನಾಲ್ಕನೇ ನಂಬರ್ ಸಿಕ್ಕಿ ಟೊಮೆಟೊ ಕೊಟ್ಟಳು. ದುಡ್ಡು ಕೊಡಲು ಹೋದರೆ, "ನಮ್ಮ ದುಡ್ಡು ನಮಗೇ ಕೊಡ್ತೀಯಾ?" ಅಂದಳು. ಇಷ್ಟು ದಿನ ಇವಳು ನನಗೆ ಬಜಾರಿನ ದರಕ್ಕಿಂತ ಸ್ವಲ್ಪ ಜಾಸ್ತಿಯೇ ಹೇಳುತ್ತಿದ್ದಳು.

ಬುಧವಾರ. ಜೊಂಬಾದಿಂದ ಫಲೋಂಬೆ

ಮಧ್ಯಾಹ್ನ ಶಾಲೆ ಮುಗಿಸಿ ಮಿನಿಬಸ್ ಹತ್ತಿದೆವು. ಹೊರಡುವ ಸಮಯ ಅಂತೇನೂ ಇಲ್ಲ, ತುಂಬಿದಾಗ ಹೊರಡುತ್ತದೆ. ತುಂಬುವುದು ಅಂದರೆ ಸಾಲಿಗೆ ನಾಲ್ಕು ಜನ, ಮಡಿಲಲ್ಲಿ ಮಕ್ಕಳು, ಕಾಲ ಕೆಳಗೆ ಕೋಳಿ. ಕಿಟಕಿಯಿಂದ ಮಂದಾಸಿ ಕೊಂಡೆವು. ಸಿಹಿ ಹಾಕಿ ಕರಿದ ಮೈದಾ ಉಂಡೆ. ಚಳಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ಜಾಲಿ ಅನ್ನುವ ಊರು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಬಯಲು. ಮೆಕ್ಕೆಜೋಳ ಕೊಯ್ದಾಗಿದೆ, ಅದರ ನಡುವೆ ಬಿತ್ತಿದ ತೊಗರಿ ಒಂಟಿಯಾಗಿ ನಿಂತಿದೆ. ಮೊದಲ ಸಲ ನೋಡಿದಾಗ ನನಗೆ ಸೇಡಂ ರಸ್ತೆಯಲ್ಲಿದ್ದೇನೆ ಅನ್ನಿಸಿತ್ತು. ಇಲ್ಲಿ ಅದು ನಂದೋಲೋ. 2021ರಲ್ಲಿ ನಮ್ಮ ಸರ್ಕಾರ ಮಲಾವಿಯ ಜೊತೆ ಒಪ್ಪಂದ ಮಾಡಿಕೊಂಡಿದೆ, ವರ್ಷಕ್ಕೆ 50 ಸಾವಿರ ಟನ್ ತೊಗರಿ, ಐದು ವರ್ಷ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ತೊಗರಿಯ ಊರವಳು ನಾನು. ಈ ಒಪ್ಪಂದದ ಸುದ್ದಿ ಓದಿ ಊರಲ್ಲಿ ನಮ್ಮಣ್ಣ ಸಿಟ್ಟಾಗಿದ್ದ. ಹೊರಗಿನ ತೊಗರಿ ಬಂದರೆ ನಮ್ಮ ರೇಟು ಬೀಳುತ್ತದೆ ಅಂತ.

ಫಲೋಂಬೆ ಹತ್ತಿರವಾದಂತೆ ಬಯಲಿನ ಬಣ್ಣ ಬದಲಾಯಿತು. ಹೊಲದ ನಡುವೆ ಮನೆ ಗಾತ್ರದ ಬಂಡೆಗಳು, ಮರಳಿನ ಹಾಸು. ಮಾರ್ಚ್‌ನಲ್ಲಿ ಬಂದ ಫ್ರೆಡ್ಡಿ ಚಂಡಮಾರುತ ಮಾಡಿದ ಕೆಲಸ. ಆಸ್ಟ್ರೇಲಿಯಾದ ಹತ್ತಿರ ಹುಟ್ಟಿ, ಇಡೀ ಹಿಂದೂ ಮಹಾಸಾಗರ ದಾಟಿ ಬಂದದ್ದು. ಆರು ತಿಂಗಳ ಮಳೆ ಆರು ದಿನದಲ್ಲಿ ಸುರಿಯಿತು, ಮುಲಾಂಜೆ ಬೆಟ್ಟದಿಂದ ಕಲ್ಲು ಮಣ್ಣು ಇಳಿದು ಊರೂರೇ ಮುಚ್ಚಿಹೋದವು. ದೇಶದಲ್ಲಿ ಸತ್ತವರು, ಕಾಣೆಯಾದವರು ಸೇರಿ ಸಾವಿರಕ್ಕೂ ಜಾಸ್ತಿ. ಬಸ್ಸಿನಲ್ಲಿ ಅಲ್ಲಿಯವರೆಗೆ ಜೋರಾಗಿ ನಡೆಯುತ್ತಿದ್ದ ಹರಟೆ ನಿಂತಿತ್ತು.

ಕತ್ತಲಾದ ಮೇಲೆ ಅಜ್ಜಿಯ ಅಂಗಳ. "ಓದಿ! ಓದಿ!" ಅಂತ ಅಚೆಮ್ವಾಲಿ ಕೂಗಿದಳು. ಬಾಗಿಲು ಬಡಿಯುವ ಬದಲು ಹೀಗೆ ಕೂಗುವುದು. ಕಿರಿಯ ಹುಡುಗಿ ಚೊಂಬಿನಿಂದ ಕೈಗೆ ನೀರು ಹಾಕಿದಳು, ನ್ಸಿಮಾ ಬಂತು. ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಯುನೆಸ್ಕೋ 2017ರಲ್ಲಿ ಮಲಾವಿಯ ನ್ಸಿಮಾ ಅಡುಗೆಯನ್ನು ತನ್ನ ಪರಂಪರೆ ಪಟ್ಟಿಗೆ ಸೇರಿಸಿದೆ. ಜೊತೆಗೆ ಶೇಂಗಾ ಪುಡಿ ಹಾಕಿ ಬೇಯಿಸಿದ ಕುಂಬಳ ಸೊಪ್ಪು. ನಾನು ಮೀನು ಮಾಂಸ ತಿನ್ನುವುದಿಲ್ಲ ಅಂತ ಅಜ್ಜಿಗೆ ಮೊದಲೇ ಗೊತ್ತು. "ವೈದ್ಯರು ಬೇಡ ಅಂದಿದ್ದಾರಾ?" ಅಂತ ಮರುಕದಿಂದ ಕೇಳಿದರು.

ಅಜ್ಜಿಯನ್ನು ಎಲ್ಲರೂ ಅಗೋಗೊ ಅನ್ನುತ್ತಾರೆ. ಒಲೆಯ ಮುಂದೆ ಕೂತು ಫ್ರೆಡ್ಡಿಯ ರಾತ್ರಿಯ ಕಥೆ ಹೇಳಿದರು. ಅವರ ಪ್ರಕಾರ ಅದು ಫ್ರೆಡ್ಡಿಯಲ್ಲ, ನಪೋಲೋ. ಬೆಟ್ಟದ ಒಳಗೆ ಮಲಗಿರುವ ದೊಡ್ಡ ಸರ್ಪ. ಅದು ಜಾಗ ಬದಲಿಸಿದಾಗ ಬೆಟ್ಟ ಒಡೆದು ನೀರು ಬರುತ್ತದೆ. 1946ರಲ್ಲಿ ಜೊಂಬಾದಲ್ಲಿ ಬಂದಿತ್ತು, 1991ರಲ್ಲಿ ಇದೇ ಫಲೋಂಬೆಯಲ್ಲಿ ಬಂದಿತ್ತು. 1991ರದ್ದನ್ನು ಅವರು ಕಣ್ಣಾರೆ ಕಂಡವರು. ಹಾಗಾಗಿ ಈ ಸಲ ಬೆಟ್ಟದ ಸದ್ದು ಕೇಳುತ್ತಿದ್ದಂತೆ ಮಕ್ಕಳನ್ನೆಲ್ಲ ಎಬ್ಬಿಸಿ ಚರ್ಚಿನ ದಿಬ್ಬ ಹತ್ತಿಸಿದರಂತೆ. ಹವಾಮಾನ ಇಲಾಖೆಯ ಎಚ್ಚರಿಕೆ ರೇಡಿಯೋದಲ್ಲಿ ಬಂದಿತ್ತು ಅಂತ ಮೊಮ್ಮಗ ನೆನಪಿಸಿದ. "ರೇಡಿಯೋಗೆ ಯಾರು ಎದ್ದು ಹೋಗ್ತಾರೆ? ನಪೋಲೋ ಅಂದೆ, ಎಲ್ಲ ಎದ್ದರು" ಅಂದರು ಅಗೋಗೊ.

ಗುರುವಾರ, ಜುಲೈ 6

ಸ್ವಾತಂತ್ರ್ಯ ದಿನ. 1964ರಲ್ಲಿ ಬ್ರಿಟಿಷರ ಕೈಲಿದ್ದ ನ್ಯಾಸಾಲ್ಯಾಂಡ್ ಮಲಾವಿಯಾದ ದಿನ. ಹಳ್ಳಿಯಲ್ಲಿ ಧ್ವಜವಿಲ್ಲ, ಲಾಡು ಹಂಚುವುದೂ ಇಲ್ಲ. ರೇಡಿಯೋದಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ನಾವು ಹೊಲಕ್ಕೆ ಹೋದೆವು.

ಬಿಸಿಲು ಬಂದಿತ್ತು. ಮೋಡ ಸರಿದು ಮುಲಾಂಜೆ ಇಡಿಯಾಗಿ ಕಂಡಿತು. ಬಯಲಿನಿಂದ ನೇರ ಮೇಲೆದ್ದ ಕಲ್ಲಿನ ಗೋಡೆ, ತುದಿಯಲ್ಲಿ 3,002 ಮೀಟರ್ ಎತ್ತರದ ಸಪಿತ್ವಾ. ಅರ್ಧ ಹೊಲ ಮರಳಿನ ಕೆಳಗೆ ಹೋಗಿದೆ. ಉಳಿದ ಅರ್ಧದಲ್ಲಿ ತೊಗರಿ ಕಾಯಿ ಹಸಿರು, ಅಲ್ಲಲ್ಲಿ ಒಣಗಲು ಶುರುವಾಗಿದೆ. ಹಸಿ ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡೆ. ಮಕ್ಕಳು ನೋಡಿ ಕುಣಿದಾಡಿದರು. ಮ್ವೆನ್ಯೆಗೆ ತೊಗರಿ ಹೊಲ ಗೊತ್ತು!

ಕಾಯಿ ಬಿಡಿಸುತ್ತ ಅಗೋಗೊ ನನ್ನ ಮನೆ ಕಥೆ ಕೇಳಿದರು. ಇಲ್ಲಿನವರು ಲೋಮ್ವೆ ಜನ. ಹೊಲ ಮನೆ ತಾಯಿಯಿಂದ ಮಗಳಿಗೆ ಹೋಗುತ್ತದೆ, ಮದುವೆಯಾದ ಗಂಡು ಹೆಂಡತಿಯ ಊರಿಗೆ ಬರುತ್ತಾನೆ. ಅಂಗಳದ ಸುತ್ತ ಇರುವ ಮನೆಗಳೆಲ್ಲ ಅಗೋಗೊನ ಹೆಣ್ಣುಮಕ್ಕಳದ್ದು, ಮೊಮ್ಮಗಳದ್ದು. ಅಳಿಯಂದಿರು ಸುಮ್ನೆ ಓಡಾಡಿಕೊಂಡಿರುತ್ತಾರೆ, ದೊಡ್ಡ ವಿಷಯಗಳಿಗೆ ಸೋದರಮಾವನೇ ಬೇಕು. ನಮ್ಮಲ್ಲಿ ಕರಾವಳಿ ಕಡೆ ಅಳಿಯಸಂತಾನ ಇತ್ತು ಅಂತ ಓದಿದ್ದೆನೇ ಹೊರತು ಅಂಥ ಅಂಗಳದಲ್ಲಿ ಕೂತಿರಲಿಲ್ಲ.

"ನೀನು ಮದುವೆಯಾಗಿ ಗಂಡನ ಊರಿಗೆ ಹೋದೆಯಾ?"

"ಹೂಂ."

"ಮತ್ತೆ ನಿಮ್ಮಮ್ಮನ ಹೊಲ?"

"ಅಣ್ಣ ನೋಡಿಕೊಳ್ತಾನೆ."

ಅಗೋಗೊ ಕಾಯಿ ಬಿಡಿಸುವುದನ್ನು ನಿಲ್ಲಿಸಿ ಮೊಮ್ಮಗಳ ಕಡೆ ನೋಡಿದರು. ಅಚೆಮ್ವಾಲಿ ಅನುವಾದ ಸರಿಯಾಗಿಯೇ ಮಾಡಿದ್ದಳು. ಕಾನೂನಿನ ಪ್ರಕಾರ ನನಗೂ ಪಾಲಿದೆ, ಕರ್ನಾಟಕದಲ್ಲಿ 1994ರ ತಿದ್ದುಪಡಿಯಲ್ಲೂ ಇತ್ತು, ದೇಶಕ್ಕೆಲ್ಲ 2005ರಲ್ಲಿ ಬಂತು ಅಂತ ವಿವರಿಸಿದೆ.

"ಹಾಗಾದರೆ ತಗೊಂಡೆಯಾ?"

"ಕೇಳಿಲ್ಲ."

"ಜಗಲಿ ಬ್ಯಾಂಕಿನಲ್ಲಿ ಕೇಳಿದೆಯಂತೆ" ಅಂದರು ಅಗೋಗೊ. ಸೋಮವಾರದ ಸುದ್ದಿ ನನಗಿಂತ ಮೊದಲೇ ಫಲೋಂಬೆ ಮುಟ್ಟಿತ್ತು.

ಮಧ್ಯಾಹ್ನ ಊಟವಾದ ಮೇಲೆ ಅವರೇ ಹಳೆಯ ವಿಷಯ ತೆಗೆದರು. ಅವರು ಹರೆಯದಲ್ಲಿದ್ದಾಗ ಇಲ್ಲಿಯ ಬಜಾರಿನಲ್ಲೂ ಒಂದು ಭಾರತೀಯರ ಅಂಗಡಿ ಇತ್ತಂತೆ. ಬಟ್ಟೆ, ಉಪ್ಪು, ಸೀಮೆಎಣ್ಣೆ. 1970ರ ದಶಕದಲ್ಲಿ ಆಗಿನ ಅಧ್ಯಕ್ಷ ಬಾಂಡಾ ಅವರ ಸರ್ಕಾರ ಅಮ್ವೆನ್ಯೆಗಳು ದೊಡ್ಡ ಪಟ್ಟಣಗಳಲ್ಲಷ್ಟೇ ವ್ಯಾಪಾರ ಮಾಡಬೇಕು ಅಂದಾಗ ಅವರು ಅಂಗಡಿ ಮುಚ್ಚಿ ಹೋದರು. "ಅವರು ಲಾರಿ ಹತ್ತಿದ ದಿನ ನಮ್ಮಮ್ಮ ಒಂದು ಚಿತೆಂಜೆಯ ದುಡ್ಡು ಬಾಕಿ ಇಟ್ಟಿದ್ದಳು" ಅಂದರು. ಇದಕ್ಕೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ನಾನು ಗುಜರಾತಿನವಳಲ್ಲ ಅಂತ ಹೇಳಿದರೆ ಪ್ರಯೋಜನವಿಲ್ಲ, ಇಲ್ಲಿಂದ ನೋಡಿದರೆ ಎಲ್ಲ ಒಂದೇ.

ಶುಕ್ರವಾರ

ಅಚೆಮ್ವಾಲಿಯ ಸೋದರಮಾವ ಕಳೆದ ವಾರ ಒಣಗಿಸಿದ ಒಂದು ಚೀಲ ತೊಗರಿ ಮಾರಲು ಬಜಾರಿಗೆ ಹೋದ, ನಾವೂ ಹೋದೆವು. ಮರಕ್ಕೆ ತೂಗುಹಾಕಿದ ತಕ್ಕಡಿ, ಅದರ ಮುಳ್ಳಿನ ಮೇಲೆ ಎಲ್ಲರ ಕಣ್ಣು. ಸೋದರಮಾವ ಮನೆಯಲ್ಲೇ ಡಬ್ಬಿಯಲ್ಲಿ ಅಳೆದು ಬಂದಿದ್ದ. ತಕ್ಕಡಿ ಎರಡು ಕಿಲೋ ಕಡಿಮೆ ಹೇಳಿತು. ವಾದ ನಡೆಯಿತು, ಒಂದು ಕಿಲೋಗೆ ಇತ್ಯರ್ಥವಾಯಿತು. ಅಡತ್ ಅಂಗಡಿಯಲ್ಲಿ ನಮ್ಮಪ್ಪ ಮಾಡುತ್ತಿದ್ದ ಜಗಳ ಇದೇ.

ಗಂಡನಿಗೆ ಫೋನ್ ಮಾಡಿ ಕಲಬುರಗಿ ರೇಟು ಕೇಳಿದೆ. ಕ್ವಿಂಟಲ್‌ಗೆ ಹತ್ತು ಸಾವಿರದ ಆಸುಪಾಸು ಅಂದರು. ಕ್ವಾಚಾಕ್ಕೆ ಬದಲಿಸಿ ಹೇಳಿದಾಗ ಮರದ ಕೆಳಗಿದ್ದ ಗಂಡಸರು ಖರೀದಿದಾರನ ಕಡೆ ತಿರುಗಿದರು. ಅವನು ನನ್ನ ಮೇಲೆ ಸಿಟ್ಟಾಗದೆ ಲೆಕ್ಕ ಬಿಡಿಸಿ ಹೇಳಿದ. ಈ ದೇಶಕ್ಕೆ ಸಮುದ್ರವಿಲ್ಲ. ಲಾರಿಯಲ್ಲಿ ಲಿಂಬೆ ಪಟ್ಟಣಕ್ಕೆ, ಅಲ್ಲಿಂದ ಮೊಜಾಂಬಿಕ್‌ನ ಬೈರಾ ಅಥವಾ ನಕಾಲಾ ಬಂದರು, ಆಮೇಲೆ ಹಡಗು. ಪ್ರತಿಯೊಬ್ಬರಿಗೂ ಅವರವರ ಪಾಲು. ಲೆಕ್ಕ ಸರಿಯಿತ್ತು, ಆದರೂ ಪೂರ್ತಿ ನಂಬಿಕೆ ಬರಲಿಲ್ಲ. ನಮ್ಮಣ್ಣ ಮತ್ತು ಈ ಸೋದರಮಾವ ಇಬ್ಬರೂ ರೇಟು ಬೀಳಿಸುವವನು ಇನ್ನೊಬ್ಬ ಅಂದುಕೊಂಡಿದ್ದಾರೆ, ಅಷ್ಟಂತೂ ಗೊತ್ತಾಯಿತು.

ಶನಿವಾರ

ಮತ್ತೆ ಜಿಟಿಜಿಟಿ. ಮನೆಯೊಳಗೆ ಕೂತು ಬೇಸರವಾಗಿ, ಅಗೋಗೊನ ಕಣಜದಲ್ಲಿ ಮಪಿರಾ ಇರುವುದು ನೋಡಿದೆ. ಮಪಿರಾ ಅಂದರೆ ಜೋಳ. ಇವರು ಇದರಲ್ಲಿ ಗಂಜಿ ಮಾಡುತ್ತಾರೆ. ರೊಟ್ಟಿ ಬಡಿದು ತೋರಿಸಲಾ ಅಂದೆ.

ಒರಳಿನಲ್ಲಿ ಹೆಣ್ಣುಮಕ್ಕಳು ಇಬ್ಬಿಬ್ಬರಾಗಿ ಕುಟ್ಟಿದರು. ಒಬ್ಬಳ ಒನಕೆ ಮೇಲೆ ಹೋದಾಗ ಇನ್ನೊಬ್ಬಳದ್ದು ಕೆಳಗೆ, ತಪ್ಪುವುದೇ ಇಲ್ಲ. ಜರಡಿ ಹಿಡಿದರೂ ಹಿಟ್ಟು ಸ್ವಲ್ಪ ತರಿ. ಕುದಿಯುವ ನೀರು ಹಾಕಿ ನಾದಿದೆ. ಹಂಚು ಇಲ್ಲ. ಸೋದರಮಾವ ಎಲ್ಲಿಂದಲೋ ಎಣ್ಣೆ ಡಬ್ಬಿಯ ತಗಡು ಬಿಡಿಸಿ ತಂದ, ಬೂದಿ ಹಚ್ಚಿ ತಿಕ್ಕಿದೆವು. ಮೂರು ಕಲ್ಲಿನ ಒಲೆಗೆ ತೊಗರಿ ಕಟ್ಟಿಗೆ. ನಮ್ಮ ಕಡೆಯೂ ಉರಿಗೆ ಅದೇ. ಭಗ್ಗನೆ ಹತ್ತಿಕೊಳ್ಳುತ್ತದೆ, ಅಷ್ಟೇ ಬೇಗ ಆರುತ್ತದೆ, ಒಬ್ಬರು ಪಕ್ಕದಲ್ಲಿ ಕೂತು ತುಂಬುತ್ತಲೇ ಇರಬೇಕು. ಆ ಕೆಲಸ ಅಗೋಗೊ ತಗೊಂಡರು.

ಬಡಿಯಲು ಹಲಗೆಯ ಹಿಂಬದಿ. ಮೊದಲ ರೊಟ್ಟಿ ಅಂಚಿನಲ್ಲಿ ಸೀಳಿತು, ತರಿ ಹಿಟ್ಟಿಗೆ ಅದು ಇದ್ದದ್ದೇ. ಎರಡನೆಯದು ದುಂಡಗೆ ಬಂತು. ತಟ್‌ ತಟ್‌ ಸದ್ದಿಗೆ ಪಕ್ಕದ ಮನೆಗಳ ಮಕ್ಕಳು ಬಾಗಿಲಿಗೆ ಬಂದವು. ತಗಡಿನ ಮೇಲೆ ನೀರು ಸವರಿ, ತಿರುವಿ ಹಾಕಿ, ಕೆಂಡದ ಮುಂದೆ ನಿಲ್ಲಿಸಿದಾಗ ರೊಟ್ಟಿ ಉಬ್ಬಿತು. ಮಕ್ಕಳು "ಈಈ!" ಅಂದವು. ಅಚೆಮ್ವಾಲಿ ಪ್ರಯತ್ನಿಸಿದಳು, ಮಲಾವಿ ದೇಶದ ನಕ್ಷೆ ಬಂತು, ಉದ್ದಕ್ಕೆ. ಅದನ್ನೂ ಬೇಯಿಸಿದೆವು.

ಬೇಯಿಸಿದ ಹಸಿ ತೊಗರಿಗೆ ಟೊಮೆಟೊ, ಈರುಳ್ಳಿ, ಶೇಂಗಾ ಪುಡಿ. ಶೇಂಗಾ ಹಿಂಡಿ ಇದ್ದಿದ್ದರೆ ಅನ್ನಿಸಿತು. ಎಲ್ಲರೂ ತಿಂದರು. ಅಗೋಗೊ ನಿಧಾನವಾಗಿ ಒಂದೂವರೆ ರೊಟ್ಟಿ ತಿಂದು ಕೈ ಒರೆಸಿಕೊಂಡು ಹೇಳಿದರು: "ಚೆನ್ನಾಗಿದೆ. ಸರಿ, ಈಗ ಊಟಕ್ಕೆ ನ್ಸಿಮಾ ಮಾಡಿ."

ಭಾನುವಾರ. ವಾಪಸ್

ಚರ್ಚಿನಲ್ಲಿ ಹಾಡು ಎರಡು ಗಂಟೆ. ಭಾಷೆ ಅರ್ಧ ಗೊತ್ತಾಗದಿದ್ದರೂ ಹಾಡಿಗೆ ಯಾರೂ ಸುಮ್ಮನೆ ಕೂರಲು ಬಿಡುವುದಿಲ್ಲ. ನನ್ನನ್ನು ನಿಲ್ಲಿಸಿ ಪರಿಚಯ ಮಾಡಿಸಿದರು, ಅದರಲ್ಲೂ ಸಾಲದ ವಿಷಯ ಬಂತು, ಚಪ್ಪಾಳೆ ಬಿತ್ತು.

ಹೊರಡುವಾಗ ಅಂಗಳದವರೆಲ್ಲ ರಸ್ತೆಯವರೆಗೆ ನಡೆದು ಬಂದರು. ಅತಿಥಿಯನ್ನು ಹೊಸ್ತಿಲಲ್ಲಿ ಬೀಳ್ಕೊಡುವುದು ಇಲ್ಲಿ ಮರ್ಯಾದೆಯಲ್ಲ. ಸೋದರಮಾವನ ಸೈಕಲ್ಲಿನ ಮೇಲೆ ಒಂದು ಚೀಲ ತೊಗರಿ. ನನಗೆ ಅಂತ ಗೊತ್ತಾದಾಗ ಬೇಡವೇ ಬೇಡ ಅಂದೆ. ಅರ್ಧ ಹೊಲ ಮರಳಿನ ಕೆಳಗಿದೆ, ಮುಂದಿನ ಫಸಲಿಗೆ ತಿಂಗಳುಗಳಿವೆ. ಅಗೋಗೊ ಕೇಳಲೇ ಇಲ್ಲ. "ಇದು ಉಡುಗೊರೆಯಲ್ಲ. ನಮ್ಮಮ್ಮನ ಚಿತೆಂಜೆ ಬಾಕಿ. ಅವರ ಕಡೆಯವಳು ನೀನು ಸಿಕ್ಕಿದ್ದೀಯ, ವಜಾ ಮಾಡಿಕೋ." ಸಾಲ ತೀರಿಸಲು ಬಂದವರನ್ನು ತಡೆಯುವುದು ಹೇಗೆ? ಮಂಡಿ ಬಗ್ಗಿಸಿ ಎರಡೂ ಕೈಯಲ್ಲಿ ತಗೊಂಡೆ.

ಮಿನಿಬಸ್ಸಿನಲ್ಲಿ ಚೀಲ ನಮ್ಮಿಬ್ಬರ ಕಾಲ ಕೆಳಗೆ. ಐವತ್ತು ವರ್ಷದ ಹಿಂದಿನ ಬಾಕಿ ನೆನಪಿಟ್ಟಿದ್ದಾರಲ್ಲ ನಿಮ್ಮಜ್ಜಿ ಅಂದೆ. ಅಚೆಮ್ವಾಲಿ ಕಿಟಕಿ ಕಡೆ ಮುಖ ತಿರುಗಿಸಿ ನಗುತ್ತಿದ್ದಳು.

"ಯಾವ ಬಾಕಿ? ನಮ್ಮ ಮುತ್ತಜ್ಜಿ ಜೀವಮಾನದಲ್ಲಿ ಉದ್ರಿ ತಂದವಳಲ್ಲ. ಇಡೀ ಊರಿಗೆ ಗೊತ್ತು. ಚೀಲ ಕೊಟ್ಟರೆ ನೀವು ಬೇಡ ಅಂತೀರಿ ಅಂತ ನಾನೇ ಅಜ್ಜಿಗೆ ಹೇಳಿದ್ದೆ."

ಅಷ್ಟರಲ್ಲಿ ಕಂಡಕ್ಟರ್ ಬಂದು ಚೀಲಕ್ಕೆ ಬೇರೆ ಟಿಕೆಟ್ ಕೇಳಿದ. ಅಚೆಮ್ವಾಲಿ ಜಗಳಕ್ಕೆ ನಿಂತಳು. ಜಾಲಿ ಬರುವಷ್ಟರಲ್ಲಿ ಅರ್ಧ ಟಿಕೆಟ್‌ಗೆ ಒಪ್ಪಿದ. ಆ ಅರ್ಧವನ್ನು ನಾನು ಕೊಡುತ್ತೇನೆ ಅಂದರೆ ಅವಳು ಬಿಡಲಿಲ್ಲ, ಜಾಮೀನಿಗೆ ನಿಂತವಳು ತಾನು, ನನ್ನ ಖರ್ಚಿನ ಮೇಲೆ ಕಣ್ಣಿಡುವುದು ತನ್ನ ಕೆಲಸವಂತೆ.